ನಬಿಲಾಲ ಕಾಕಾ ಲ್ಯಾಪ್‌ಟಾಪ್ ಆರಿಸಿದ್ದು

ಹುಕ್ಕೇರಿಯ ಸಬ್‌ರಜಿಸ್ಟ್ರಾರ್ ಕಚೇರಿಯ ಎದುರು ತಗಡಿನ ಶೆಡ್ಡಿನಲ್ಲಿ ನಾವು ಐದು ಜನ ಪತ್ರ ಬರೆಯುವವರು ಕೂರುತ್ತಿದ್ದೆವು. ಜಮೀನು ಮಾರುವವರು, ಕೊಳ್ಳುವವರು, ಪಾಲು ಹಂಚಿಕೊಳ್ಳುವವರು ಎಲ್ಲರೂ ಮೊದಲು ನಮ್ಮ ಹತ್ತಿರ ಬರಬೇಕು. ನಾವು ಪತ್ರ ಬರೆದು, ಗಟ್ಟಿಯಾಗಿ ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿದ ಮೇಲೆ ಅವರು ಒಳಗೆ ಹೋಗಬೇಕು. ಐವರಲ್ಲಿ ಹಿರಿಯರು ನಬಿಲಾಲ ಮಕಾನದಾರ. ಅವರ ಬಾಜೂ ಟೇಬಲ್ಲು ನನ್ನದು; ನಾನು ಬೆಲ್ಲದ ಬಾಗೇವಾಡಿಯ ನೇಮಿನಾಥ. ಹದಿನೆಂಟು ವರ್ಷ ಅವರ ಪಕ್ಕ ಕೂತು, ಅವರದೇ ದುಡ್ಡಿನಲ್ಲಿ ಚಹಾ ಕುಡಿದು, ಅವರ ಮೇಲೆಯೇ ಹೊಟ್ಟೆಕಿಚ್ಚು ಪಟ್ಟವನು ನಾನು. ಅವರ ವಿಷಯ ಹೇಳುವ ಅಧಿಕಾರ ನನಗಲ್ಲದೆ ಇನ್ನಾರಿಗಿದೆ?

ಹೊಟ್ಟೆಕಿಚ್ಚಿಗೆ ಕಾರಣ ಅವರ ಓದು. ಶೆಡ್ಡಿನಾಚೆ ರಸ್ತೆಗೂ ಕೇಳುವ ದನಿ, ಎಲ್ಲಿಯೂ ತಡವರಿಸದ ನಾಲಿಗೆ. 'ಸದರಿ ಜಮೀನಿನ ಚಕ್ಕುಬಂದಿ' ಎಂದು ಶುರು ಮಾಡಿದರೆಂದರೆ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಕೈಯೂ ಆ ದಿಕ್ಕಿಗೆ ತಿರುಗುತ್ತಿತ್ತು. ಮುದುಕರು ತಮ್ಮ ಬದುವಿನ ಮೇಲೇ ನಿಂತವರಂತೆ ತಲೆಯಾಡಿಸುತ್ತಿದ್ದರು. ನನ್ನ ಟೇಬಲ್ಲು ಖಾಲಿ ಬಿದ್ದಿದ್ದರೂ ಹಿಡಕಲ್ ಕಡೆಯ ಜನ ಕಾಕಾನ ಸರದಿಗಾಗಿ ಮಧ್ಯಾಹ್ನದ ತನಕ ಕಾಯುತ್ತಿದ್ದರು. ನನ್ನ ಓದು ಕಂಡಕ್ಟರ್ ಊರಿನ ಹೆಸರು ಕೂಗಿದ ಹಾಗಿದೆ ಎಂದು ಕಾಕಾ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಹಲ್ಲು ಕಡಿದುಕೊಂಡು.

ಆಗ ಎರಡು ಸಾವಿರದ ಎಂಟನೆಯ ಇಸವಿ. ಕೈಬರಹದ ಕಾಲ ಮುಗಿದಿತ್ತು. ಕಾಕಾ ಬಾಯಲ್ಲಿ ಹೇಳುವುದು, ಎದುರಿನ ಕಂಪ್ಯೂಟರ್ ಅಂಗಡಿಯ ಹುಡುಗಿ ಟೈಪು ಮಾಡಿ ಕೊಡುವುದು, ಹೀಗೆ ನಡೆದಿತ್ತು. ಒಂದು ದಿನ ಅವಳು ಒಂದು ಸರ್ವೆ ನಂಬರಿನಲ್ಲಿ ನೂರಾ ಹದಿನೆಂಟರ ಬದಲು ನೂರಾ ಹದಿಮೂರು ಹೊಡೆದಳು. ಕಾಕಾ ಪ್ರಿಂಟು ಕೈಯಲ್ಲಿ ಹಿಡಿದು, ಎಂದಿನಂತೆ ಸರಾಗವಾಗಿ, ನೂರಾ ಹದಿನೆಂಟು ಎಂದೇ ಓದಿದರು. ಸಾತಪ್ಪ ಎಂಬ ರೈತ ತಾನು ಕೊಂಡ ಹೊಲ ಬಿಟ್ಟು ಪಕ್ಕದವನ ಹೊಲದ ಮಾಲೀಕನಾದ. ತಿದ್ದುಪಡಿಯ ಖರ್ಚು ಕಾಕಾನ ತಲೆಗೆ ಬಂತು. ಸಾಲದ್ದಕ್ಕೆ ಒಳಗಿನ ಸಾಹೇಬರು ಕರೆದು, ಇನ್ನೊಂದು ಸಲ ಹೀಗಾದರೆ ಲೈಸೆನ್ಸು ಉಳಿಯುವುದಿಲ್ಲ ಎಂದರು. ಅಂದಿನಿಂದ ಕಾಕಾ, ತನ್ನ ಪತ್ರ ತಾನೇ ಟೈಪು ಮಾಡುತ್ತೇನೆ, ಲ್ಯಾಪ್‌ಟಾಪ್ ತರುತ್ತೇನೆ, ಕರೆಂಟು ಹೋದರೂ ಅದು ನಡೆಯುತ್ತದೆ ಎಂದು ಹಟ ಹಿಡಿದರು.

ತಪ್ಪು ಆ ಹುಡುಗಿಯದು ಎಂದು ನಾವೆಲ್ಲ ನಂಬಿದ್ದೆವು. ನಿಜ ಹೇಳಿದವರು ಕಾಕಾನ ಹೆಂಡತಿ ಗುಡುಬಿ ಚಾಚಿ. ಒಂದು ಸಂಜೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರು.

"ಸಕ್ರಿ ಬ್ಯಾನಿ ಕಣ್ಣಿಗೆ ಇಳದೈತಿ ನೇಮಣ್ಣ. ಹ್ವಾದದ್ದು ತಿರಗಿ ಬರಂಗಿಲ್ಲ, ಇದ್ದದ್ದು ಉಳಿಸ್ಕೋರಿ ಅಂದಾರ ಬೆಳಗಾವಿ ಡಾಕ್ಟರ. ಅನ್ನದ ಮ್ಯಾಲಿನ ಸಾರು ಸುದ್ದಾ ಕಾಣಂಗಿಲ್ಲ ಅವರಿಗೆ. ನೀ ಸಂಗಾಟ ಹೋಗಿ ದೊಡ್ಡ ಪರದೆದ್ದ ಕೊಡಸು. ನಾ ಹೇಳೇನಿ ಅಂತ ಮಾತ್ರ ಅನಬ್ಯಾಡ."

ಭಿಶಿ ಚೀಟಿ ಎತ್ತಿದ ಮೂವತ್ತೈದು ಸಾವಿರ ರೂಪಾಯಿ ಬನಿಯನ್ನಿನ ಒಳಜೇಬಿನಲ್ಲಿಟ್ಟುಕೊಂಡು ಕಾಕಾ ಒಂದು ರವಿವಾರ ಗೋಕಾಕದ ಬಸ್ಸು ಹತ್ತಿದರು. ನಾನು ಬಾಗೇವಾಡಿಯಲ್ಲಿ ಹತ್ತಿದೆ. ದಾರಿಯುದ್ದಕ್ಕೂ ಕಾಕಾ ಪ್ರೊಸೆಸರ್, ರ‍್ಯಾಮ್ ಎಂದು ಯಾರೋ ಹೇಳಿಕೊಟ್ಟ ಮಾತು ಒಪ್ಪಿಸುತ್ತಿದ್ದರು. ಕಣ್ಣಿನ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೋಕಾಕದ ಅಂಗಡಿಯವನ ಹೆಸರು ರಾವಸಾಹೇಬ. ಮಾತು ಕಡಿಮೆ, ಸುಳ್ಳು ಇನ್ನೂ ಕಡಿಮೆ. ನಮ್ಮ ಬಜೆಟ್ಟು ಕೇಳಿ ಮೂರು ಲ್ಯಾಪ್‌ಟಾಪ್ ತಂದಿಟ್ಟ. ಮೊದಲನೆಯದು ಹದಿನಾಲ್ಕು ಇಂಚಿನದು, ಹೊಸದು, ಹಗುರ, ಇಪ್ಪತ್ತೊಂಬತ್ತು ಸಾವಿರ. ಎರಡನೆಯದು ಹದಿನೈದು ಇಂಚಿನ ಮೇಲೆ ಸ್ವಲ್ಪ, ಅದೂ ಹೊಸದು, ಆದರೆ ಬೆಲೆ ನಮ್ಮ ಜೇಬನ್ನು ದಾಟಿ ಮೂವತ್ತೆಂಟಾಗಿತ್ತು. ಪರದೆ ಎಷ್ಟು ಹೊಳೆಯುತ್ತಿತ್ತೆಂದರೆ ಅಕ್ಷರಕ್ಕಿಂತ ಮೊದಲು ನಮ್ಮ ಮುಖವೇ ಕಾಣುತ್ತಿತ್ತು. ಮೂರನೆಯದು ಹದಿನೇಳು ಇಂಚಿನದು, ಕೊಲ್ಲಾಪುರದ ಯಾವುದೋ ಕಂಪನಿ ಬಳಸಿ ಬಿಟ್ಟದ್ದು, ಮೂವತ್ತಮೂರು ಸಾವಿರ. ಹೊತ್ತರೆ ಭುಜ ಜಗ್ಗುವಷ್ಟು ಭಾರ.

"ಇದರ ಬ್ಯಾಟರಿ ಅರ್ಧಾ ತಾಸ ಅಷ್ಟ ನೋಡ್ರಿ. ಮೊದಲ ಹೇಳಿಬಿಡ್ತೇನಿ" ಅಂದ ರಾವಸಾಹೇಬ.

"ಹಳೇದ ಯಾಕ ಬೇಕೋ ಮಾರಾಯ?" ಎಂದು ಕಾಕಾ ಸಣ್ಣದನ್ನೇ ಎಳೆದುಕೊಂಡರು. "ನೇಮಣ್ಣ, ನನ್ನ ಪತ್ರ ಇದ್ದದ್ದು ಪೆನ್‌ಡ್ರೈವ್ ಐತಲ್ಲ, ಹಚ್ಚು. ಓದಿ ನೋಡೂಣು."

ಪತ್ರ ಪೂರ್ತಿ ಬಂದಿದೆಯೋ ಇಲ್ಲವೋ ಎಂದು ನಾನು ಕೊನೆಯ ಪುಟದ ತನಕ ಸರಿಸಿ ನೋಡಿದೆ. ತಿರುಗಿ ಮೇಲೆ ತರುವಷ್ಟರಲ್ಲಿ ಕಾಕಾ ಶುರು ಮಾಡಿಯೇಬಿಟ್ಟರು. ಆಹಾ, ಏನು ಓದು! ಅಂಗಡಿಗೆ ಬಂದ ಇಬ್ಬರು ಗಿರಾಕಿಗಳು ನಿಂತು ಕೇಳಿದರು. ಬರೆದುಕೊಟ್ಟವರ ಹೆಸರು, ಬರೆಸಿಕೊಂಡವರ ಹೆಸರು, ಸರ್ವೆ ನಂಬರು, ಪೂರ್ವಕ್ಕೆ, ಪಶ್ಚಿಮಕ್ಕೆ. ಕಾಕಾ ಮೊದಲನೆಯ ಪುಟ ಮುಗಿಸಿ ಎರಡನೆಯದಕ್ಕೆ ಹೋದರು. ಪರದೆಯ ಮೇಲೆ ಇದ್ದದ್ದು ಮೂರನೆಯ ಪುಟ, ಬರೇ ಸಾಕ್ಷಿದಾರರ ಹೆಸರು.

ರಾವಸಾಹೇಬ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಖರೆ ಹೇಳಬೇಕೆಂದರೆ, ಹದಿನೆಂಟು ವರ್ಷದ ಹೊಟ್ಟೆಕಿಚ್ಚು ಒಂದು ಕ್ಷಣ ತಣ್ಣಗಾಗಿ ನನಗೆ ಖುಷಿಯೇ ಆಯಿತು. ಮರುಕ್ಷಣ ಅದಕ್ಕೆ ನಾಚಿಕೆಯೂ ಆಯಿತು.

"ಇದ ಸಾಕ. ಆರ ಸಾವಿರ ಉಳೀತು ನೋಡು" ಅಂದರು ಕಾಕಾ, ಬೆವರು ಒರೆಸಿಕೊಳ್ಳುತ್ತ.

ಹೇಳದೆ ಬಿಟ್ಟರೆ ಆ ಆರು ಸಾವಿರದ ಜೊತೆ ಲೈಸೆನ್ಸೂ ಹೋಗುತ್ತದೆ. ನಾನು ಅವರ ಕಿವಿಯ ಹತ್ತಿರ ಬಾಗಿದೆ.

"ಕಾಕಾ, ಪರದೆ ಮ್ಯಾಲ ಇರೂದು ಮೂರನೇ ಪುಟರಿ."

ಕಾಕಾ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಾಗಿದರು.

"ಗುಡುಬಿ ಹೇಳ್ಯಾಳ ನಿನಗ?"

"ಹೌದ್ರಿ."

"ಹಂಗಾರ ಸಾತಪ್ಪನ ಹೊಲಾನೂ ನಾನ ಕೆಡಿಸೇನಿ. ಆ ಹುಡುಗಿಗೆ ಸುಮ್ನ ಬೈದೆ." ಪರದೆಯಿಂದ ಮುಖ ಎತ್ತಿ ಅಂದರು: "ಇದು ಓದಲ್ಲ ನೇಮಣ್ಣ. ಬಾಯಿಪಾಠ. ಯಾವಾಗಿಂದ ಬಾಯಿಪಾಠ ಆತೋ ನನಗ ಗೊತ್ತಾಗಿಲ್ಲ."

ರಾವಸಾಹೇಬ ಏನೂ ಕೇಳಿಸದವನಂತೆ ಹದಿನೇಳು ಇಂಚಿನದನ್ನು ಮುಂದೆ ಎಳೆದ. ತನಗೆ ತೋಚಿದ ಅಂಕಿ, ತೋಚಿದ ಹೆಸರು ಟೈಪು ಮಾಡಿ, ಕಾಕಾ ಸಾಕು ಅನ್ನುವ ತನಕ ಅಕ್ಷರ ದೊಡ್ಡದು ಮಾಡುತ್ತ ಹೋದ. ಹೆಬ್ಬೆಟ್ಟಿನ ಉಗುರಿನಷ್ಟಾದಾಗ ಕಾಕಾ ಕೈ ಎತ್ತಿದರು. ಅದೇ ಅಳತೆಯ ಅಕ್ಷರ ಸಣ್ಣ ಪರದೆಯಲ್ಲಿ ಹಾಕಿದರೆ ಸಾಲಿಗೆ ಎರಡೇ ಪದ ಹಿಡಿಯುತ್ತಿತ್ತು. ಎಲ್ಲಿ ಶುರು, ಎಲ್ಲಿ ಮುಗಿಯಿತು ತಿಳಿಯುತ್ತಿರಲಿಲ್ಲ. ದೊಡ್ಡದರಲ್ಲಿ ಸಾಲು ಪೂರ್ತಿ ಕೂತಿತು, ಒಮ್ಮೆಗೆ ನಾಲ್ಕೇ ಸಾಲು ಆದರೂ. ಅಂಕಿಯ ಗುಂಡಿಗಳು ಬಲಗಡೆ ಬೇರೆಯೇ ಇದ್ದವು. ಕಾಕಾ ಅವನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮೊದಲನೆಯ ಇಯತ್ತೆಯ ಹುಡುಗನಿಗಿಂತ ನಿಧಾನ, ಆದರೆ ಒಂದೂ ತಪ್ಪಿಲ್ಲ.

"ಇದನ್ನ ಕಟ್ಟು" ಅಂದರು. ಉಳಿದ ಎರಡು ಸಾವಿರಕ್ಕೆ ರಾವಸಾಹೇಬ ಕೊಲ್ಲಾಪುರದಿಂದ ಹೊಸ ಬ್ಯಾಟರಿ ತರಿಸಿಕೊಡಲು ಒಪ್ಪಿದ.

ಶೆಡ್ಡಿನಲ್ಲಿ ಆ ಯಂತ್ರ ಅರ್ಧ ಟೇಬಲ್ಲು ನುಂಗಿತು. ಎದುರು ಕೂತವರಿಗೆ ಕಾಕಾ ಕಾಣದಂತಾದಾಗ ಗಿರಾಕಿಯ ಬೆಂಚನ್ನು ತಮ್ಮ ಪಕ್ಕಕ್ಕೇ ಹಾಕಿಸಿಕೊಂಡರು. ನಾಲ್ಕು ಸಾಲು ಓದುವುದು, ಗುಂಡಿ ಒತ್ತುವುದು, ಮತ್ತೆ ನಾಲ್ಕು ಸಾಲು. ಹತ್ತು ನಿಮಿಷದ ಪತ್ರಕ್ಕೆ ಮುಕ್ಕಾಲು ತಾಸು. ಅವಸರದ ಗಿರಾಕಿಗಳು ನನ್ನ ಟೇಬಲ್ಲಿಗೆ ಬರತೊಡಗಿದರು. ಆದರೆ ತಪ್ಪು ನಿಂತುಹೋಯಿತು, ಲೈಸೆನ್ಸು ಉಳಿಯಿತು.

ಎರಡು ತಿಂಗಳ ಮೇಲೆ ಯಲ್ಲಪ್ಪ ಎಂಬುವವನು ತನ್ನ ತಂಗಿ ಅಲ್ಲವ್ವನನ್ನು ಕರೆದುಕೊಂಡು ಬಂದ. ಹಕ್ಕಸೋಡ ಪತ್ರ, ಅಂದರೆ ತವರಿನ ಹೊಲದಲ್ಲಿ ತನ್ನ ಪಾಲು ಬೇಡ ಎಂದು ಹೆಣ್ಣುಮಗಳು ಅಣ್ಣನಿಗೆ ಬರೆದುಕೊಡುವುದು. ನಮ್ಮ ಶೆಡ್ಡಿಗೆ ವಾರಕ್ಕೆ ನಾಲ್ಕಾದರೂ ಬರುತ್ತವೆ. ಅಲ್ಲವ್ವ ಮೂರನೆಯ ಇಯತ್ತೆಯ ತನಕ ಸಾಲೆ ಕಲಿತವಳು. ಕಾಕಾನ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು ಕೇಳುತ್ತಿದ್ದಳು. ಕಾಕಾ ಓದುತ್ತಾ ಬಂದು ನಾಲ್ಕು ಸಾಲಿಗೆ ನಿಂತು, ಕಣ್ಣು ಉಜ್ಜಿಕೊಂಡರು. ಪರದೆಯ ಮೇಲೆ ಆ ಸಾಲು ಹಾಗೇ ನಿಂತಿತ್ತು: ಇನ್ನು ಮುಂದೆ ಸದರಿ ಜಮೀನಿನಲ್ಲಿ ನನಗಾಗಲಿ ನನ್ನ ಮಕ್ಕಳಿಗಾಗಲಿ ಯಾವ ಹಕ್ಕೂ ಇರುವುದಿಲ್ಲ.

ಅಲ್ಲವ್ವ ಬೆರಳಿಟ್ಟು ಅದನ್ನು ತಾನೇ ಓದಿದಳು. ಮತ್ತೊಮ್ಮೆ ಓದಿದಳು.

"ಕಾಕಾರ, ನನ್ನ ಮಕ್ಕಳಿಗೂ ಇಲ್ಲೇನ್ರಿ?"

"ಇಲ್ಲವ್ವ. ಅವರಿಗೂ ಇಲ್ಲ" ಅಂದರು ಕಾಕಾ.

"ಇದನ್ನ ನನಗ ಯಾರೂ ಹೇಳಿದ್ದಿಲ್ಲ" ಎಂದು ಅವಳು ಎದ್ದಳು. ಯಾರ ಮುಖವನ್ನೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಯಲ್ಲಪ್ಪನ ಸಿಟ್ಟು ಪೂರ್ತಿ ಕಾಕಾನ ಮೇಲೆ ತಿರುಗಿತು. "ಓದ್ರಿ ಅಂದ್ರ ತೋರಸ್ತೀರೇನ್ರಿ?" ಎಂದು ಟೇಬಲ್ಲು ಗುದ್ದಿದ. ಕಾಕಾ ಫೀಸು ಕೇಳಲಿಲ್ಲ. ಅವನು ಹೋದ ಮೇಲೂ ಪತ್ರ ಮುಚ್ಚದೆ ಕೂತಿದ್ದರು.

"ಈ ಸಾಲು ಸಾವಿರ ಸಲ ಓದೇನಿ ನೇಮಣ್ಣ" ಅಂದರು. "ಒಬ್ಬಾಕಿನೂ ಎದ್ದ ಹೋಗಿದ್ದಿಲ್ಲ."

ಅದೇ ನಮೂನೆಯ ಇನ್ನೊಂದು ಪತ್ರ ನನ್ನ ಟೇಬಲ್ಲಿನ ಮೇಲಿತ್ತು. ಇಬ್ಬರು ಅಕ್ಕತಂಗಿಯರು ಎದುರು ಬೆಂಚಿನಲ್ಲಿ ಕಾಯುತ್ತಿದ್ದರು, ಅವರ ಅಣ್ಣ ಗಡಿಯಾರ ನೋಡುತ್ತಿದ್ದ. ನಾನು ಅದನ್ನು ಗಟ್ಟಿಯಾಗಿ, ಎಲ್ಲಿಯೂ ತಡವರಿಸದೆ ಓದಿದೆ. ಆರು ನಿಮಿಷಕ್ಕೆ ಇಬ್ಬರದೂ ಹೆಬ್ಬೆಟ್ಟು ಬಿತ್ತು.