ತಮಿಳಿನದು ಎಂದುಬಿಟ್ಟ ರಾಗ

ನಮ್ಮ ಬ್ಯಾಂಡ್‌ಸೆಟ್ಟಿನ ಯಜಮಾನರು ನನ್ನ ಸೋದರಮಾವ. ಸ್ಯಾಕ್ಸೊಫೋನ್ ಅವರದು, ಊದುವ ಕೆಲಸ ನನ್ನದು. ಚಾಮರಾಜನಗರದ ಛತ್ರಗಳಲ್ಲಿ ನಾನು ಹೆಸರು ಮಾಡಿದ್ದೇ ಅಣಕದಿಂದ. ನಾಗಸ್ವರ, ಎಮ್ಮೆಕರು, ಬಸ್ಸಿನ ಹಾರನ್, ಮಾವನ ಕೆಮ್ಮು, ಏನು ಕೇಳಿದರೂ ಊದುತ್ತಿದ್ದೆ. ನಿನ್ನ ಸ್ವಂತದ್ದು ಊದು ಅಂದವರು ಮಾತ್ರ ಯಾರೂ ಇಲ್ಲ.

ಆದರೂ ಒಂದನ್ನು ಕಟ್ಟಿದ್ದೆ. ಫೋನಿನಲ್ಲಿ ಜಾಝ್ ಕೇಳಿ ಕೇಳಿ, ಹರದನಹಳ್ಳಿಯ ನಮ್ಮ ಹಿತ್ತಿಲಲ್ಲಿ ತಿಂಗಳುಗಟ್ಟಲೆ ಒದ್ದಾಡಿ ಕಟ್ಟಿದ ರಾಗ. ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ನಡೆಯುತ್ತದೆ. ಹೆತ್ತವನ ಗುಣ.

ಗುಂಡ್ಲುಪೇಟೆಯ ಒಂದು ಮದುವೆಯಲ್ಲಿ ಮಾವ ಊಟಕ್ಕೆ ಕೂತ ಸಮಯ ನೋಡಿ ಅದನ್ನು ಊದಿದೆ. ಡೋಲಿನವನು ಗಾಬರಿಯಾದರೂ ಜೊತೆಗೆ ಬಂದ. ಪಂಕ್ತಿಯಲ್ಲಿ ಮಾತು ನಿಂತಿತು. ಗಂಡಿನ ದೊಡ್ಡಪ್ಪ ಎಂಜಲು ಕೈಯಲ್ಲೇ ಎದ್ದು ಬಂದು ಕೇಳಿದರು: "ಯಾವ್ ಪಿಚ್ಚರ್‌ದ್ಲಾ ಇದು?"

ನನ್ನದು ಅನ್ನಬೇಕಿತ್ತು. ಹಾಗಂದರೆ ಇವನಿಗೆ ಹಾಡು ಮರೆತಿದೆ ಅಂದುಕೊಂಡಾರು ಎಂದು ಹೆದರಿ, "ತಮಿಳ್ದು ಸಾ" ಅಂದುಬಿಟ್ಟೆ. ನಮ್ಮ ಕಡೆ ಗುರುತು ಸಿಗದ ಹಾಡೆಲ್ಲ ತಮಿಳಿನದೇ. ಗಡಿ ಅಷ್ಟು ಹತ್ತಿರವಿದ್ದರೂ ದಾಟಿ ಹೋಗಿ ವಿಚಾರಿಸುವವರು ಯಾರು?

ಅಲ್ಲಿಂದಾಚೆ ಪ್ರತಿ ಮದುವೆಯಲ್ಲೂ 'ಆ ತಮಿಳ್ದು' ಬೇಕೇ ಬೇಕು. ಆರತಕ್ಷತೆಗೆ ಅದನ್ನೇ ಮಾವ ಖಾಯಂ ಮಾಡಿದರು. ತಡೆಯಲಾರದೆ ಒಂದು ದಿನ ವ್ಯಾನಿನಲ್ಲಿ ಹೇಳಿದೆ: "ಮಾವ, ಅದು ನಂದೇ ಕಣ್ ಮಾವ. ನಾನೇ ಕಟ್ಟಿದ್ದು."

ಹಿಂದೆ ಕೂತವರೆಲ್ಲ ನಕ್ಕರು. ಮಾವ ನಗಲಿಲ್ಲ. "ನನ್ ಕೆಮ್ಮನ್ನೇ ಕದ್ದೋನು ಕಣ್ಲಾ ನೀನು. ಸುಮ್ಕಿರು."

ಅವರ ತಪ್ಪೇನಿಲ್ಲ. ಕಂಡವರನ್ನೆಲ್ಲ ಗೇಲಿ ಮಾಡಿದ ಬಾಯಿ ಇದು, ನಿಜ ಹೇಳಿದರೂ ಗೇಲಿಯಂತೆಯೇ ಕೇಳಿಸುತ್ತದೆ.

ಮೊನ್ನೆ ಭೀಮನಬೀಡಿನ ಮದುವೆಯಲ್ಲಿ ನನ್ನ ರಾಗ ನನಗಾದರೂ ಸಿಗಲಿ ಎಂದು ಕೊನೆಯನ್ನು ಬೇರೆ ಕಡೆಗೆ ತಿರುಗಿಸಿದೆ. ಜಾಝ್‌ನವರು ಹಾಗೇ ಮಾಡುತ್ತಾರೆ, ಒಮ್ಮೆ ಊದಿದಂತೆ ಇನ್ನೊಮ್ಮೆ ಊದುವುದಿಲ್ಲ. ಮುಗಿದ ಮೇಲೆ ಒಬ್ಬರು ತಾತ ಕೋಲೂರಿಕೊಂಡು ಹತ್ತಿರ ಬಂದರು.

"ಚೆಂದಾಗ್ ಊದ್ದೆ ಕಣಪ್ಪ. ಕೊನೇಲಿ ತಪ್ಬುಟ್ಟೆ. ಪಿಚ್ಚರ್‌ನಲ್ಲಿ ಇಂಗಿಲ್ಲ."

ಆ ಪಿಚ್ಚರನ್ನು ಗಡಿಯಾಚೆ ಸತ್ಯಮಂಗಲದಲ್ಲಿ ಎರಡು ಸಲ ನೋಡಿದ್ದಾರಂತೆ. ಹೇಗಿದೆ ತಾತ ಅಂದೆ. ಕಣ್ಣು ಮುಚ್ಚಿ ಗುನುಗಿದರು. ನಾನು ಹಿತ್ತಿಲಲ್ಲಿ ಕಟ್ಟಿದ ಕೊನೆ, ಒಂದು ಸ್ವರವೂ ಆಚೀಚೆ ಆಗಿರಲಿಲ್ಲ. ಯಾವ ಮದುವೆಯಲ್ಲಿ ನನ್ನಿಂದಲೇ ಕೇಳಿದ್ದರೋ.

ಸರಿಯಾಗಿ ಊದು ಎಂದು ಮಾವ ಕಣ್ಣಲ್ಲೇ ಗದರಿದರು. ತಾತನ ಕ್ಷಮೆ ಕೇಳಿ, ಅವರು ಹೇಳಿಕೊಟ್ಟಂತೆ ಇನ್ನೊಮ್ಮೆ ಊದಿದೆ.