ಕೊಬ್ಬರಿ ಕಟ್ಟಿದ ಕರೆಂಟ್ ಕಾರು

ಕುಬಟೂರಿನ ಮಾಳೇಶನಿಗೆ ಕಾರು ಕಂಪನಿಯವರು ಇನ್ನೂ ಬಾಕಿ ಇಟ್ಟಿದ್ದಾರೆ. ಅವನ ಕಾರು ಅವರ ಶೆಡ್ಡಿನಲ್ಲಿ ಧೂಳು ಹೊದ್ದು ಮಲಗಿದ್ದಷ್ಟೂ ದಿನದ ದುಡಿಮೆ ಅದು. ಕೇಳಿದರೆ ಮೇಲಿನವರಿಗೆ ಬರೆದಿದ್ದೇವೆ ಅನ್ನುತ್ತಾರೆ. ಮೇಲಿನವರು ಎಷ್ಟು ಮೇಲಿದ್ದಾರೆ, ಏಣಿ ಹಾಕಿದರೆ ಸಿಗುತ್ತಾರಾ ಎಂದು ಮಾಳೇಶನ ತಾಯಿ ಮೂಕಮ್ಮ ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಮಾಳೇಶ ನಲವತ್ತು ದಾಟಿದ ಆಳು. ಒಂದಿಷ್ಟು ಮೆಕ್ಕೆಜೋಳದ ಹೊಲ, ಮಾತು ಕಡಿಮೆ, ಮೀಸೆ ಜಾಸ್ತಿ. ಸುತ್ತಲ ಹಳ್ಳಿಗಳಿಗೆ ಅವನ ಗುರುತು ಅವನ ಹೋರಿಯಿಂದ. ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಸೊರಬ, ಶಿಕಾರಿಪುರದ ಕಡೆ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿ ಜನರ ನಡುವೆ ಬಿಡುತ್ತಾರೆ. ಕೊಬ್ಬರಿ ಕಿತ್ತವನು ಗಂಡು, ಕಿತ್ತುಕೊಳ್ಳಲು ಬಿಡದೆ ದಾಟಿದ ಹೋರಿ ದೊರೆ. ಮಾಳೇಶನ ಹೋರಿಯ ಹೆಸರು ‘ಸಾಹುಕಾರ’. ಅದರ ಕೊಬ್ಬರಿ ಕಿತ್ತೆ ಎಂದು ಜಂಬ ಕೊಚ್ಚಿದವರ ಪಂಚೆ ಅದರ ಕೊಂಬಿನಲ್ಲಿ ನೇತಾಡಿದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಅದಕ್ಕೆ ವಯಸ್ಸಾಯಿತು, ಮಂಡಿ ಸೋತಿತು. ನಮ್ಮ ರಾಜಕಾರಣಿಗಳಿಗೆ ಬಾರದ ಬುದ್ಧಿ ಅದಕ್ಕೆ ಬಂದು, ಮರ್ಯಾದೆಯಿಂದ ಕೊಟ್ಟಿಗೆ ಸೇರಿ ಮೇವು ಮೆಲ್ಲುತ್ತಾ ಕೂತಿತು.

ಹೋರಿ ನಿಂತ ಮೇಲೆ ಮಾಳೇಶನಿಗೆ ಕೈಗೆ ಕೆಲಸವಿಲ್ಲದ ಹಾಗಾಯಿತು. ಬಾಡಿಗೆಗೆ ಓಡಿಸುತ್ತೇನೆ ಎಂದು ಬ್ಯಾಂಕಿಗೆ ಹೊಲದ ಪಹಣಿ ಕೊಟ್ಟು ಒಂದು ಬಿಳಿ ಕರೆಂಟ್ ಕಾರು ತಂದ. ಡೀಸೆಲ್ ಬೇಡ, ಮನೆಯಲ್ಲೇ ಚಾರ್ಜಿಗೆ ಹಾಕಿದರೆ ಸಾಕು ಎಂದು ಶಿಕಾರಿಪುರದ ಶೋರೂಮಿನವರು ಹೇಳಿದ್ದರು. ಅಂಗಳದಲ್ಲಿ ಕಾರು ನಿಂತಾಗ ಮೂಕಮ್ಮ ಆರತಿ ತಟ್ಟೆ ಹಿಡಿದು ಬಂದು ಒಂದು ಸುತ್ತು ಹಾಕಿದಳು.

“ಇದು ತಿನ್ನೋದೇನು ಮಗಾ?”

“ಕರೆಂಟು.”

“ಸಗಣಿ?”

“ಹಾಕಲ್ಲ ಅವ್ವಾ.”

“ಹಾಲಿಲ್ಲ, ಸಗಣಿಯಿಲ್ಲ. ಎಂಥ ದನ ತಂದ್ಯೋ!”

ಹಾಗೆಂದರೂ ಹೋರಿಗೆ ಮಾಡಿದ್ದನ್ನೆಲ್ಲ ಮೂಕಮ್ಮ ಕಾರಿಗೂ ಮಾಡಿಸಿದಳು. ಹಿಂದಿನ ಗಾಜಿನ ಮೇಲೆ ‘ಸಾಹುಕಾರ’ ಎಂದು ಬಣ್ಣದಲ್ಲಿ ಬರೆಸಿದರು. ಮೂತಿಗೆ ಒತ್ತೊತ್ತಾಗಿ ಪೋಣಿಸಿದ ಎರಡೆಳೆ ಕೊಬ್ಬರಿ ಹಾರ ಅಡ್ಡಡ್ಡ ಕಟ್ಟಿದರು. ಮಾಳೇಶ ಬೆಳಿಗ್ಗೆ ಹೊರಡುವಾಗ ಹಿಂಬದಿ ತಟ್ಟಿ “ನಡಿಯಪ್ಪಾ” ಅಂದ ಮೇಲೆಯೇ ಬಾಗಿಲು ತೆಗೆಯುತ್ತಿದ್ದ. ಜನಕ್ಕೂ ಅದು ಹಿಡಿಸಿತು. ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರ ಅಂತ ಬಾಡಿಗೆ ಚೆನ್ನಾಗಿಯೇ ನಡೆಯಿತು.

ಒಂದು ದಿನ ಶಿರಾಳಕೊಪ್ಪದ ಹತ್ತಿರ ಏರಿನಲ್ಲಿ ಕಾರು ಇದ್ದಕ್ಕಿದ್ದಂತೆ ಉಸಿರು ಬಿಟ್ಟಿತು. ಸದ್ದಿಲ್ಲ, ಹೊಗೆಯಿಲ್ಲ, ಮುನ್ಸೂಚನೆಯಿಲ್ಲ. ಮಾಳೇಶ ಕಾಲು ಒತ್ತಿದರೆ ಬರೀ ಕಾಲು ಒತ್ತಿದಂತಾಯಿತು. ಎದುರಿನ ಪರದೆಯ ಮೇಲೆ, ಶಕ್ತಿ ಕುಗ್ಗಿದೆ ಎಂಬ ಗುರುತಿಗೆ, ಒಂದು ಆಮೆಯ ಚಿತ್ರ ಮೂಡಿತು. ಹಿಂದೆ ಜೋಳದ ಲೋಡಿನ ಲಾರಿ. ಅದರ ಡ್ರೈವರು ಬ್ರೇಕಿನ ಮೇಲೆ ಎದ್ದು ನಿಂತಿದ್ದರಿಂದ ಈ ಕಥೆ ಹೇಳಲು ಸಾಧ್ಯವಾಗಿದೆ. ಲಾರಿಯ ಮೂತಿ ಹಿಂದಿನ ಗಾಜಿನ ‘ಸಾಹುಕಾರ’ನನ್ನು ಮೂಸಿ ನೋಡುವಷ್ಟು ಹತ್ತಿರ ಬಂದು ನಿಂತಿತು.

ಹಿಂದಿನ ಸೀಟಿನಲ್ಲಿ ಕೂತಿದ್ದವನು ಕಿರಾಣಿ ಅಂಗಡಿಯ ಶೇಷಪ್ಪ. ಜೀವ ಹೋಗುವಾಗಲೂ ಬಾಯಿ ನಿಲ್ಲದ ಮನುಷ್ಯ.

“ಮಾಳೇಶಪ್ಪಾ, ಹೋರಿ ನಿಂತ್ರೆ ಬಾಲ ತಿರುಚಬಹುದಿತ್ತು. ಇದಕ್ಕೆ ಬಾಲ ಎಲ್ಲೈತೆ ಮಾರಾಯಾ?”

ಮಾಳೇಶ ಆಫ್ ಮಾಡಿ ಆನ್ ಮಾಡಿದ. ಆಮೆ ಮಾಯ. ಕಾರು ಏನೂ ಆಗೇ ಇಲ್ಲವೆಂಬಂತೆ ಹೊರಟಿತು. ಸಾಯಂಕಾಲದೊಳಗೆ ಶೇಷಪ್ಪ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಸಕ್ಕರೆ ಕಟ್ಟಿಕೊಡುತ್ತಾ ಆಮೆಯ ಕಥೆಯನ್ನೂ ಕಟ್ಟಿಕೊಟ್ಟಿದ್ದ.

ಮಾಳೇಶ ಶೋರೂಮಿಗೆ ಹೋದ. ಅಲ್ಲಿನ ಮ್ಯಾನೇಜರ್ ಹರ್ಷವರ್ಧನ ಎಳೆಯ ವಯಸ್ಸಿನವನು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಲ್ಯಾಪ್‌ಟಾಪು ಸಿಕ್ಕಿಸಿ ನೋಡಿ, ಕಾರಿನಲ್ಲಿ ಯಾವ ದೋಷವೂ ಇಲ್ಲ ಎಂದ. ಆಮೇಲೆ ಮೂತಿಯ ಕಡೆ ಬಂದು ಗಕ್ಕನೆ ನಿಂತ.

“ಇದೇನು ಸರ್?”

“ಕೊಬ್ಬರಿ ರೀ.”

“ಕೊಬ್ಬರಿ ಅಂತ ಕಾಣುತ್ತೆ ಸರ್. ಇಲ್ಲಿ ಯಾಕಿದೆ?”

“ಮತ್ತೆಲ್ಲಿ ಕಟ್ಟಬೇಕು? ಹಿಂದೆ ಕಟ್ಟಿದ್ರೆ ನಗಲ್ವಾ ಜನ?”

ಗಾಳಿ ಹೋಗುವ ದಾರಿ ಮುಚ್ಚಿದ್ದೀರಿ, ಒಳಗೆ ಬಿಸಿಯಾಗಿದೆ, ಅದಕ್ಕೇ ಶಕ್ತಿ ಕಡಿತವಾಗಿದೆ ಎಂದು ಹರ್ಷವರ್ಧನ ವಿವರಿಸಿ, ‘ಬಳಕೆದಾರರ ತಪ್ಪು’ ಎಂದು ಬರೆದು ಸಹಿ ಹಾಕಿಸಿಕೊಂಡ. ಮಾಳೇಶನಿಗೆ ಅದು ನ್ಯಾಯವಾಗಿಯೇ ಕಂಡಿತು. ಓಡುವ ಹೋರಿಯ ಮೂಗಿಗೆ ಯಾರಾದರೂ ಬಟ್ಟೆ ಸುತ್ತುತ್ತಾರಾ? ತಪ್ಪು ನನ್ನದೇ ಎಂದು ಮನೆಗೆ ಬಂದು ಹಾರ ಬಿಚ್ಚಿದ. ಮೂಕಮ್ಮ ಅದನ್ನು ತುರಿದು ಹೋಳಿಗೆ ಮಾಡಿದಳು. ಡೀಸೆಲ್ ವಾಸನೆಯಿಲ್ಲದ ಹೋಳಿಗೆ ಎಂದು ಊರೆಲ್ಲ ತಿಂದಿತು.

ಹೋಳಿಗೆ ಅರಗುವ ಮೊದಲೇ ಕಾರು ಮತ್ತೆ ನಿಂತಿತು. ಮತ್ತೆ ಶೋರೂಮು. ಈ ಸಲ ಬ್ರೇಕಿನ ಮೇಲೂ ಕಾಲಿಟ್ಟಿರುತ್ತೀರಿ ಅಂದರು. ಇನ್ನೊಂದು ಸಲ ನಿಮ್ಮೂರ ಕರೆಂಟು ಸರಿಯಿಲ್ಲ ಅಂದರು. ಕಾರನ್ನು ದಿನಗಟ್ಟಲೆ ಶೆಡ್ಡಿನಲ್ಲಿ ಕೂಡಿಹಾಕಿ, ಒರೆಸಿ ವಾಪಸು ಕೊಟ್ಟರು. ಶೆಡ್ಡಿನೊಳಗೆ ಅದು ಹೆಣ್ಣು ನೋಡಲು ಬಂದ ವರನಷ್ಟು ಸಾಧು.

ಇಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಮಾಳೇಶನ ಕಾರು ಹತ್ತುವವರು ಬುತ್ತಿ ಕಟ್ಟಿಕೊಂಡು ಹತ್ತಬೇಕು ಎಂದು ಶೇಷಪ್ಪ ಸಾರಿದ. ಹೋರಿ ಹಿಡಿದ ಕೈಗೆ ಸ್ಟೇರಿಂಗು ಒಗ್ಗುವುದಿಲ್ಲ ಎಂದು ಇನ್ನೊಬ್ಬರು ಸೇರಿಸಿದರು. ಸಾಹುಕಾರನ ಬೆನ್ನ ಹಿಂದೆ ಓಡುವಾಗ ಯಾರಿಗೂ ಬಗ್ಗದ ಗಂಡಸು ಈ ಮಾತಿಗೆ ಬಗ್ಗಿದ. ಬಾಡಿಗೆ ಬರುವುದು ನಿಂತಿತು. ಕಂತು ಬರುವುದು ಮಾತ್ರ ಯಾವ ಏರಿನಲ್ಲೂ ನಿಲ್ಲಲಿಲ್ಲ. ತಪ್ಪು ತನ್ನದಲ್ಲ ಎಂದು ರುಜುವಾಗದಿದ್ದರೆ ಕಾರೂ ಹೋಗುತ್ತದೆ, ಪಹಣಿ ಕೊಟ್ಟ ಹೊಲವೂ ಹೋಗುತ್ತದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಆದರೆ ತಪ್ಪು ತನ್ನದೇ ಇರಬಹುದು ಎಂದು ಮಾಳೇಶ ಒಳಗೊಳಗೆ ನಂಬತೊಡಗಿದ್ದ.

ದಾರಿ ತೆರೆದದ್ದು ಅವನ ಹೆಂಡತಿ ನಯನ. ಶಿರಾಳಕೊಪ್ಪದಲ್ಲಿ ಒಂದು ಮದುವೆ ಊಟ ಮುಗಿಸಿ ಹೊರಗೆ ಬಂದರೆ, ಅಂಥದೇ ಬಿಳಿ ಕಾರನ್ನು ರೇಷ್ಮೆ ಶಲ್ಯದ ಗೃಹಸ್ಥನೊಬ್ಬ ಹಿಂದಿನಿಂದ ನೂಕುತ್ತಿದ್ದ. ಈಸೂರಿನ ಗೊಬ್ಬರದ ವ್ಯಾಪಾರಿ ಚಂದ್ರಶೇಖರ್.

“ಏನಾಯ್ತ್ರೀ ಅಣ್ಣಾರೆ?” ನಯನ ಕೇಳಿದಳು.

“ಏನಿಲ್ಲ ತಂಗಿ. ನೆರಳಿಗೆ ಸರಿಸ್ತಿದ್ದೆ.”

“ಈಗ ನೆರಳಲ್ಲೇ ಐತಲ್ರೀ. ಆಮೆ ಬಂತಾ?”

ಚಂದ್ರಶೇಖರ್ ಅತ್ತಿತ್ತ ನೋಡಿ, ಶಲ್ಯದಿಂದ ಮುಖ ಒರೆಸಿಕೊಂಡು, ಗುಟ್ಟು ಹೇಳುವವನ ಹಾಗೆ ಬಗ್ಗಿದ. “ನಿಮ್ಗೆ ಹೆಂಗ್ ಗೊತ್ತು?”

ಅವನಿಗೆ ಶೋರೂಮಿನವರು ಹೇಳಿದ್ದು ಬೇರೆ ಕಾರಣ. ಕಾಲಡಿ ಹಾಸಿದ ಮ್ಯಾಟು ದಪ್ಪವಾಯಿತಂತೆ. ಉಳವಿಯಲ್ಲೂ ಒಬ್ಬನಿದ್ದಾನೆ ಎಂದು ಅವನೇ ಹೇಳಿದ. ಆ ಶ್ರೀನಾಥನಿಗೆ ಹೇಳಿದ್ದು, ಗದ್ದೆಯ ಕೆಸರುಗಾಲಲ್ಲಿ ಓಡಿಸುತ್ತೀರಿ ಅಂತ. ಹೀಗೆ ಒಬ್ಬೊಬ್ಬನಿಗೂ ಒಂದೊಂದು ತಪ್ಪನ್ನು ಅಳತೆ ತೆಗೆದು ಹೊಲಿದು ಕೊಟ್ಟಿದ್ದರು. ಒಬ್ಬೊಬ್ಬನೂ ಅದನ್ನು ತೊಟ್ಟು, ನಾಚಿಕೆಗೆ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತಿದ್ದ. ಜನರನ್ನು ಒಡೆಯುವುದಕ್ಕೆ ಲಾಠಿ ಬೇಡ ಎಂಬುದು ರೈತ ಚಳವಳಿಯಲ್ಲಿ ಕೂದಲು ಹಣ್ಣಾದ ನನಗೂ ಅವತ್ತೇ ತಿಳಿದದ್ದು.

ಅವರಿಬ್ಬರನ್ನೂ ಕೂಡಿಸಿ, ನಯನ ನನಗೂ ಫೋನು ಮಾಡಿದಳು. ನಾನು ಹಳೇ ಚಾಳಿಯಂತೆ ಹಸಿರು ಶಾಲು ಹೊದ್ದು, ಧರಣಿ ಕೂರುವ ಲೆಕ್ಕದಲ್ಲಿ ಶಿಕಾರಿಪುರಕ್ಕೆ ಹೋದೆ. ಮಾಳೇಶ ಕೈ ಮುಗಿದ.

“ಅಣ್ಣಾ, ಘೋಷಣೆ ಬ್ಯಾಡ. ಒಂದು ದಿನ ನನ್ನ ರೀತಿಲಿ ಕೇಳ್ತೀನಿ.”

ಮೂರೂ ಕಾರು ಶೋರೂಮಿನ ಬಾಗಿಲಿಗೆ ಅಡ್ಡ ನಿಂತವು. ಹರ್ಷವರ್ಧನ ಹೊರಗೆ ಬಂದು, ಕಾರುಗಳಲ್ಲಿ ದೋಷವಿಲ್ಲ ಎಂದು ಶುರು ಮಾಡಿದ. ಮಾಳೇಶ ಡಿಕ್ಕಿಯಿಂದ ಹೋರಿಯ ಹಗ್ಗ ತೆಗೆದು, ಒಂದು ತುದಿಯನ್ನು ಸ್ಟೇರಿಂಗಿಗೆ ಬಿಗಿದು, ಇನ್ನೊಂದನ್ನು ಅವನ ಕೈಯಲ್ಲಿಟ್ಟ.

“ಏನಿದು ಸರ್?”

“ನಮ್ಮಲ್ಲಿ ಹೋರಿ ಯಾಪಾರದಾಗೆ ಒಂದು ಮಾತೈತೆ. ಹೋರಿ ಚೊಲೋ ಐತೆ, ಹಿಡಿದೋನೇ ಸರಿಯಿಲ್ಲ ಅನ್ನೋನು ದೂರ ನಿಂತು ಅನ್ನಂಗಿಲ್ಲ. ಹಗ್ಗ ಹಿಡಿದು, ಊರೊಳಗೆ ಒಂದು ಸುತ್ತು ನಡೆಸಿ, ಆಮೇಲೆ ಅನ್ನಬೇಕು. ಹಿಡೀರಿ. ಸೊರಬಕ್ಕೆ ಹೋಗಿ ಬರಾಣ.”

ಹರ್ಷವರ್ಧನ ಒಪ್ಪಿದ. ಇಲ್ಲವೆನ್ನಬಹುದಿತ್ತು, ಅನ್ನಲಿಲ್ಲ. ಅಷ್ಟು ಮಾತ್ರ ಅವನ ಪರವಾಗಿ ಹೇಳಬೇಕು. ಹಗ್ಗ ಬಿಚ್ಚಿಟ್ಟು ಅವನು ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಮಾಳೇಶ. ಹಿಂದೆ ನಾನು, ಮೂಕಮ್ಮ ಮತ್ತು ಅವಳ ಎಲೆಯಡಿಕೆ ಚೀಲ.

ಕಾರು ಬೆಣ್ಣೆಯಿಂದ ಕೂದಲು ಎಳೆದಂತೆ ಹೋಯಿತು. ಶಿರಾಳಕೊಪ್ಪ ದಾಟಿತು. ಮಾಳೇಶ ಯಾವ ಏರಿನಲ್ಲಿ ನಿಂತಿತೆಂದು ದೂರು ಕೊಟ್ಟಿದ್ದನೋ ಅದೇ ಏರನ್ನು ನಗುನಗುತ್ತಾ ಹತ್ತಿತು. ಕಾರು ಕೆಡಲಪ್ಪಾ ಎಂದು ದೇವರಿಗೆ ಹರಕೆ ಹೊತ್ತ ಮಾಲೀಕನನ್ನು ನಾನು ಕಂಡದ್ದು ಅದೇ ಮೊದಲು. ಮಾಳೇಶನ ತುಟಿ ಅಲ್ಲಾಡುತ್ತಿತ್ತು.

“ಅತ್ತೇನ ಕಂಡ ಸೊಸೆಯಂಗೆ ನಡೀತೈತಲ್ಲೋ ಇದು,” ಎಂದಳು ಮೂಕಮ್ಮ.

ಸೊರಬದಲ್ಲಿ ಹರ್ಷವರ್ಧನ ನಮಗೆಲ್ಲ ಚಹಾ ಕುಡಿಸಿದ. ಗೆದ್ದವನ ಚಹಾ ಯಾವಾಗಲೂ ಸಿಹಿ ಜಾಸ್ತಿ. “ನೋಡಿದ್ರಲ್ಲ ಅಮ್ಮಾ, ಗಾಡಿ ಚೆನ್ನಾಗೇ ಇದೆ. ಓಡಿಸೋ ಕ್ರಮ ಅಂತ ಒಂದಿರುತ್ತೆ. ನಿಮ್ಮ ಮಗನಿಗೆ ನಾನೇ ಒಂದು ದಿನ ಕಲಿಸ್ತೀನಿ.”

ಮಾಳೇಶ ಲೋಟ ಕೆಳಗಿಟ್ಟ. ಕುಡಿಯಲಿಲ್ಲ. ಇನ್ನು ಊರಿನಲ್ಲಿ ತಲೆ ಎತ್ತುವುದು ಹೇಗೆ ಎಂಬುದು ಅವನ ಮುಖದಲ್ಲೇ ಬರೆದಂತಿತ್ತು.

ವಾಪಸು ಹೊರಟೆವು. ಸೊರಬ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ಮುಂದೆ ಹುಲ್ಲಿನ ಟ್ರ್ಯಾಕ್ಟರು ತೆವಳುತ್ತಿತ್ತು. ಹಿಂದೆ ಸರ್ಕಾರಿ ಬಸ್ಸು. ಟ್ರ್ಯಾಕ್ಟರನ್ನು ದಾಟಲು ಹರ್ಷವರ್ಧನ ಬಲಕ್ಕೆ ಎಳೆದು ಕಾಲು ಒತ್ತಿದ. ಅಲ್ಲಿಗೆ ಮುಗಿಯಿತು. ಕಾರು ಉಸಿರು ಬಿಟ್ಟಿತು. ಪರದೆಯ ಮೇಲೆ ಆಮೆ.

ಎದುರಿನಿಂದ ಬರುತ್ತಿದ್ದ ಬೈಕಿನವನು ರಸ್ತೆ ಬಿಟ್ಟು ಹಸಿಮಣ್ಣಿಗೆ ಇಳಿದು ಉಳಿದುಕೊಂಡ. ಟ್ರ್ಯಾಕ್ಟರು ಮುಂದೆ ಹೋಯಿತು. ನಾವು ರಸ್ತೆಯ ನಟ್ಟನಡುವೆ. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, ಹರ್ಷವರ್ಧನನ ವಂಶದ ಬಗ್ಗೆ ತನಗೆ ತಿಳಿದದ್ದನ್ನೂ ತಿಳಿಯದ್ದನ್ನೂ ಹೇಳಿದ.

ಹರ್ಷವರ್ಧನ ಮಾಡಿದ್ದೇನು ಗೊತ್ತೇ? ಪರದೆ ನೋಡಲಿಲ್ಲ, ಬಸ್ಸು ನೋಡಲಿಲ್ಲ. ಬಗ್ಗಿ ತನ್ನ ಕಾಲು ನೋಡಿಕೊಂಡ. ಎಲ್ಲಿ ಇಟ್ಟಿದ್ದೇನೆ, ಬ್ರೇಕಿನ ಮೇಲೆ ತಗುಲಿದೆಯಾ, ಮ್ಯಾಟು ಮಡಚಿದೆಯಾ ಅಂತ. ಮಾಳೇಶನೂ ಅವತ್ತು ಹಾಗೇ ನೋಡಿಕೊಂಡಿದ್ದ. ಚಂದ್ರಶೇಖರನೂ, ಶ್ರೀನಾಥನೂ ಹಾಗೇ ನೋಡಿಕೊಂಡಿದ್ದರು.

“ಅಮ್ಮಾ, ನಾನೇನೂ ಮಾಡ್ಲಿಲ್ಲ,” ಎಂದ.

“ನನ್ನ ಮಗನೂ ಹಂಗೇ ಅಂದಿದ್ದ,” ಎಂದಳು ಮೂಕಮ್ಮ, ಎಲೆಗೆ ಸುಣ್ಣ ಹಚ್ಚುತ್ತಾ. “ಇಳಿ ಈಗ. ನೂಕು.”

ಇಸ್ತ್ರಿ ಅಂಗಿಯವನು ಇಳಿದು ನೂಕಿದ. ಬಸ್ಸಿನವರು ನಾಲ್ಕು ಜನ ಕೈ ಹಾಕಿದರು. ಮಾಳೇಶ ಸ್ಟೇರಿಂಗ್ ಹಿಡಿದು, ತಿಂಗಳುಗಳ ಮೇಲೆ ಮೊದಲ ಸಲ ಬಾಯ್ತುಂಬ ನಕ್ಕ. ಕಾರು ಕೆಟ್ಟು ನಿಂತದ್ದಕ್ಕೆ ಅಷ್ಟು ಸಂತೋಷಪಟ್ಟ ಇನ್ನೊಬ್ಬನಿದ್ದರೆ ತೋರಿಸಿ.

ರಸ್ತೆ ಬದಿಯಲ್ಲಿ ಆಫ್ ಮಾಡಿ ಆನ್ ಮಾಡಿದಾಗ ಆಮೆ ಮಾಯ. ಶೋರೂಮಿಗೆ ಬಂದು ಹರ್ಷವರ್ಧನ, ಬಳಕೆದಾರರ ತಪ್ಪು ಅಲ್ಲ, ನಾನೇ ಓಡಿಸುವಾಗ ನಿಂತಿದೆ ಎಂದು ತನ್ನ ಕೈಯಾರೆ ಬರೆದುಕೊಟ್ಟ. ಮಾಳೇಶನ ಕಾರಿನೊಳಗಿನ ಒಂದು ಪೆಟ್ಟಿಗೆ ಬದಲಾಯಿತು. ಈಗ ಓಡುತ್ತಿದೆ. ಶೇಷಪ್ಪ ಮೊದಲಿನಂತೆ ಹತ್ತುತ್ತಾನೆ, ಇಳಿಯುವವರೆಗೂ ಮಾತಾಡುತ್ತಾನೆ. ಹರ್ಷವರ್ಧನನನ್ನು ಕಂಪನಿ ದೂರದ ಊರಿಗೆ ಎತ್ತಿ ಹಾಕಿತು. ನಿಜ ಬರೆದವರಿಗೆ ಸಿಗುವ ಬಡ್ತಿ ಅದು. ಹೊಸ ಮ್ಯಾನೇಜರ್ ಬಂದಿದ್ದಾನೆ. ಕೆಟ್ಟದ್ದು ಅದೊಂದೇ ಕಾರು ಅನ್ನುತ್ತಾನೆ. ಚಂದ್ರಶೇಖರನ ಮ್ಯಾಟು, ಶ್ರೀನಾಥನ ಕೆಸರು ಇನ್ನೂ ಅವರವರ ತಪ್ಪಾಗಿಯೇ ಉಳಿದಿವೆ. ನಿನ್ನದು ಸರಿಯಾಯಿತಲ್ಲ, ನಿನಗೇನು ಎಂದು ಆ ಮ್ಯಾನೇಜರ್ ಕೇಳಿದರೂ ಮಾಳೇಶ ಪ್ರತಿ ಸೋಮವಾರ ಒಂದು ಹೊತ್ತಿನ ಬಾಡಿಗೆ ಬಿಟ್ಟು ಅವರ ಜೊತೆ ಹೋಗಿ ಆ ಬಾಗಿಲಲ್ಲಿ ನಿಲ್ಲುತ್ತಾನೆ.

ಇದನ್ನು ಓದುತ್ತಿರುವ ನೀವು ಅಂಥ ಕಾರು ಇಟ್ಟುಕೊಂಡು, ಯಾರಿಗೂ ಹೇಳದೆ ನೆರಳಿಗೆ ಸರಿಸುತ್ತಿದ್ದರೆ, ಸೋಮವಾರ ಬೆಳಿಗ್ಗೆ ಕಾರು ಸಮೇತ ಶಿಕಾರಿಪುರಕ್ಕೆ ಬನ್ನಿ. ಕಾರಿಲ್ಲ, ನಮಗ್ಯಾಕೆ ಎನ್ನುವವರೂ ಬನ್ನಿ. ಅದು ನಟ್ಟನಡುವೆ ನಿಂತಾಗ ಎದುರಿನಿಂದ ಬೈಕಿನಲ್ಲಿ ಬರುವವರು ನೀವು. ಬರುತ್ತೀರೋ ಇಲ್ಲವೋ, ಈಗಲೇ ಹೇಳಿ.