ನೂರ್‌ಜಾನಕ್ಕ ಪ್ಲಗ್ ತೆಗೆದಿದ್ದರು

ಆ ವಿಡಿಯೋ ಗೇಮ್ ಸುಟ್ಟವನು ನಾನು. ನೂರ್‌ಜಾನಕ್ಕ ಅಲ್ಲ. ಗುಬ್ಬಿಯ ನನ್ನ ಅಂಗಡಿಯಲ್ಲಿ, ಅವರ ಅಣ್ಣ ಎದುರಿಗೆ ನಿಂತು ಕೇಳಿದಾಗಲೇ ಇಷ್ಟನ್ನು ಹೇಳಬೇಕಿತ್ತು. ಹೇಳಲಿಲ್ಲ. ಎಂಟು ವರ್ಷ ಹೇಳಲಿಲ್ಲ.

ಆಗ ನಾನು ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಟಿವಿ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ತೆರೆದು ವರ್ಷವಾಗಿತ್ತು. ಎದುರಿಗೆ ಇಲಿಯಾಸ್ ಸಾಹೇಬರ ಪಾತ್ರೆ ಅಂಗಡಿ. ನನಗೆ ಜಾಗ ಕೊಡಿಸಿದವರು ಅವರೇ. ‘ನಮ್ಮ ರಾಜು ಕೈ ಚೆನ್ನಾಗೈತೆ, ಹೋಗಿ’ ಎಂದು ಗಿರಾಕಿಗಳನ್ನು ಕಳಿಸುತ್ತಿದ್ದವರೂ ಅವರೇ. ನೂರ್‌ಜಾನಕ್ಕ ಅವರ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದು ಅಲ್ಲೇ ಉಳಿದಿದ್ದರು. ಅತ್ತಿಗೆ ಇದ್ದರೂ ಅಡುಗೆ, ಬಟ್ಟೆ, ಅಣ್ಣನ ಇಬ್ಬರು ಗಂಡುಮಕ್ಕಳ ಊಟ, ಸ್ಕೂಲು — ಎಲ್ಲ ಅವರದೇ. ಅವರನ್ನು ಯಾರೂ ಹೊರೆ ಅಂದಿರಲಿಲ್ಲ. ಅನ್ನಿಸಿಕೊಳ್ಳಬಾರದು ಎಂಬ ಎಚ್ಚರ ಮಾತ್ರ ಅವರ ನಡಿಗೆಯಲ್ಲೇ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಗೇಮ್ ಬಾಕ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು ಅಕ್ಕನೇ ಬಂದರು. ಸೌದಿಯಿಂದ ಬಂದ ನೆಂಟರು ಮಕ್ಕಳಿಗೆ ಕೊಟ್ಟಿದ್ದು.

“ಅರ್ಧ ಗಂಟೆ ಆಡಿದ್ರೆ ಮೇಲೆ ಕೈ ಇಡಕ್ಕಾಗಲ್ಲ ಅಣ್ಣಾ. ಆಮೇಲೆ ತಾನೇ ನಿಂತೋಗುತ್ತೆ. ನಂಗೆ ಭಯ, ಏನಾದ್ರೂ ಹತ್ಕೊಂಡ್ರೆ ಅಂತ. ಟೇಬಲ್ ಫ್ಯಾನ್ ಇಡ್ತೀನಿ. ಆಟ ಮುಗಿದ ತಕ್ಷಣ ಪ್ಲಗ್ಗೂ ತೆಗೀತೀನಿ.”

ಬಿಚ್ಚಿ ನೋಡಿದೆ. ಒಳಗಿನ ಸಣ್ಣ ಫ್ಯಾನಿಗೆ ಧೂಳು, ಹಾಸಿಗೆಯ ಹತ್ತಿ ಮೆತ್ತಿಕೊಂಡು ಗಾಳಿಯೇ ಆಡುತ್ತಿರಲಿಲ್ಲ. ಬ್ರಷ್ಷಿನಲ್ಲಿ ತೆಗೆದೆ, ಒಂದು ಹನಿ ಎಣ್ಣೆ ಬಿಟ್ಟೆ, ಬೆರಳಲ್ಲಿ ತಳ್ಳಿದರೆ ಸಲೀಸಾಗಿ ತಿರುಗಿತು. ಕೆಲಸ ಮುಗಿದಿತ್ತು. ಕೊನೆಗೊಮ್ಮೆ ಆನ್ ಮಾಡಿ ನೋಡೋಣವೆಂದು ಮೇಜಿನ ಮೇಲಿದ್ದ ಅಡಾಪ್ಟರ್ ಸಿಕ್ಕಿಸಿದೆ. ಅದು ಅವರದಾಗಿರಲಿಲ್ಲ. ಯಾರದೋ ಆಂಪ್ಲಿಫೈಯರಿನದು, ವೋಲ್ಟೇಜು ಎರಡರಷ್ಟು — ಪಿನ್ ಮಾತ್ರ ಒಂದೇ ಅಳತೆ. ಟಪ್ ಎಂದಿತು. ಸುಟ್ಟ ವಾಸನೆ ಬಂತು. ಫ್ಯಾನು ತಿರುಗಲಿಲ್ಲ.

ಅದು ತಪ್ಪು. ಆದರೆ ಕೈತಪ್ಪು. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮಧ್ಯಾಹ್ನ ಇಲಿಯಾಸ್ ಸಾಹೇಬರು ಬಂದರು. “ಏನಾಯ್ತು ರಾಜು, ಆಯ್ತಾ?” ಎಂದರು. ಆ ಮುಖ ನೋಡಿದೆ — ನನ್ನ ಕೈ ಚೆನ್ನಾಗಿದೆ ಎಂದು ಊರಿಗೆಲ್ಲ ಹೇಳಿದ್ದ ಮುಖ. ಬಾಯಿ ತಾನಾಗಿ ಆಡಿತು ಎಂದರೆ ಸುಳ್ಳಾಗುತ್ತದೆ. ನಾನು ಯೋಚಿಸಿಯೇ ಹೇಳಿದೆ.

“ಒಳಗೆ ಸುಟ್ಟೋಗಿದೆ ಸಾಹೇಬ್ರೆ. ತಂದಾಗ್ಲೇ ಹೋಗಿತ್ತು. ಯಾರೋ ಆಫ್ ಮಾಡ್ದೆ ಹಂಗೇ ಬುಟ್ಟವ್ರೆ, ಹೀಟ್ ತಡೀಲಿಲ್ಲ.”

“ಅದನ್ನ ನೋಡ್ಕೊಳೋಳು ನೂರಿ ಒಬ್ಳೇ” ಎಂದರು ಅವರು. ನನಗೂ ಅದು ಗೊತ್ತಿತ್ತು.

ಮರುದಿನ ಅಕ್ಕ ಬಂದರು. ಅತ್ತಿದ್ದರೋ ಏನೋ — ನಾನು ಸರಿಯಾಗಿ ನೋಡಲಿಲ್ಲ, ಕೈಲಿದ್ದ ರೇಡಿಯೋವನ್ನೇ ನೋಡುತ್ತಿದ್ದೆ.

“ನಾನು ಪ್ಲಗ್ ತೆಗೆದಿದ್ದೆ ಅಣ್ಣಾ. ಚೆನ್ನಾಗಿ ನೆನಪೈತೆ. ಇನ್ನೊಂದ್ ಸಲ ನೋಡಿ.”

“ಮರ್ತಿರ್ತೀರ ಬುಡಿ ಅಕ್ಕಾ. ಕೆಲ್ಸದ ಗಡಿಬಿಡೀಲಿ ಯಾರಿಗಾದ್ರೂ ಆಗುತ್ತೆ.”

ಅವರು ಹೊರಡಲು ತಿರುಗಿದರು. “ಮರ್ತಿದ್ನಾ?” ಎಂದರು. ನನ್ನನ್ನು ಕೇಳಿದ್ದಲ್ಲ. ತಮ್ಮನ್ನೇ ಕೇಳಿಕೊಂಡದ್ದು.

ನಾನು ಕೆಡಿಸಿದ್ದು ಅದನ್ನು. ಪೆಟ್ಟಿಗೆ ಹೋದರೆ ಇನ್ನೊಂದು ಪೆಟ್ಟಿಗೆ ಬಂದೀತು. ಒಬ್ಬ ಹೆಂಗಸು ತನ್ನ ಕೈಯಾರೆ ಮಾಡಿದ್ದನ್ನು ತಾನು ಮಾಡಿಲ್ಲವೇನೋ ಎಂದುಕೊಳ್ಳುವಂತೆ ಮಾಡುವುದು —

ಆಮೇಲೆ ಅವರ ಮನೆಯಲ್ಲಿ ಏನು ಕೆಟ್ಟರೂ ಮೊದಲು ಅಕ್ಕನ ಹೆಸರು ಬರತೊಡಗಿತು. ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿದ್ಯಾ, ಗ್ಯಾಸ್ ಆಫ್ ಮಾಡಿದ್ಯಾ. ಅತ್ತೆಯನ್ನು ‘ಫುಫು’ ಎಂದು ಕರೆಯುತ್ತಿದ್ದ ಮಕ್ಕಳೂ ಅದನ್ನೇ ಕಲಿತರು. ಅಕ್ಕ ಬಾಗಿಲಿಗೆ ಬೀಗ ಹಾಕಿ ರಸ್ತೆಗೆ ಬಂದು, ನಿಂತು, ಮತ್ತೆ ಬೀಗ ತೆಗೆದು ಒಳಗೆ ಹೋಗುವುದನ್ನು ಅಂಗಡಿಯಿಂದಲೇ ನೋಡುತ್ತಿದ್ದೆ. ಒಂದು ಸಲ ತುಮಕೂರಿಗೆ ಹೊರಟವರು ಬಸ್ಸಿನಿಂದ ಇಳಿದು ವಾಪಸ್ ಬಂದರು. ನನ್ನ ಬಳಿಗೇ ಬಂದು ಕೇಳುತ್ತಿದ್ದರು: “ಪ್ಲಗ್ ತೆಗೆದ್ಮೇಲೂ ಟಿವಿ ಹಿಂದೆ ಬೆಚ್ಚಗಿರುತ್ತಲ್ಲ ಅಣ್ಣಾ, ಏನೂ ಆಗಲ್ವಾ?” ಏನೂ ಆಗಲ್ಲ ಅಕ್ಕಾ, ಆರೋಕೆ ಹೊತ್ತು ಬೇಕು ಎಂದು ತಿಳಿದವನಂತೆ ಹೇಳುತ್ತಿದ್ದೆ. ಆ ನನ್ನ ದನಿ ಈಗಲೂ ಕೇಳಿಸುತ್ತದೆ. ಸಮಾಧಾನದ ದನಿ. ನಾಚಿಕೆಯಾಗುತ್ತದೆ ಎಂದು ಬರೆದರೆ ಅದೂ ಕಡಿಮೆ.

ಎರಡನೇ ವರ್ಷ ಅವರನ್ನು ಕುಣಿಗಲ್‌ಗೆ, ಒಂಟಿಯಾಗಿದ್ದ ಚಿಕ್ಕಮ್ಮನ ಮನೆಗೆ ಕಳಿಸಿದರು. “ಅವಳ ಕೈಲಿ ಮನೆ ಬುಟ್ಟು ಹೋಗಕ್ಕೆ ಧೈರ್ಯ ಬರಲ್ಲ ರಾಜು” ಎಂದರು ಇಲಿಯಾಸ್ ಸಾಹೇಬರು, ಟೀ ಕುಡಿಯುತ್ತಾ. ಅವರಿಗೂ ಸಂಕಟವಿತ್ತು. ಆಗಲಾದರೂ — ಬಾಯಿ ತೆರೆದೆ ಕೂಡ. “ಹೌದು ಸಾಹೇಬ್ರೆ” ಎಂದೆ.

ಹೋದ ವರ್ಷ ಸಾಹೇಬರು ಹೃದಯಾಘಾತದಿಂದ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಒಂದು ಹಿಡಿ ಮಣ್ಣು ಹಾಕುವಾಗ, ಇನ್ನು ಹೇಳಿದರೂ ಕೇಳಬೇಕಾದವರು ಇಲ್ಲ ಎಂದು ಗೊತ್ತಾಯಿತು. ಮೊದಲ ಕ್ಷಣ ಹಗುರವೆನಿಸಿತು. ಅದನ್ನೂ ಮುಚ್ಚಿಡುವುದಿಲ್ಲ. ಆ ಹಗುರಕ್ಕೇ ಹೆದರಿ ಹೋದ ತಿಂಗಳು ಕುಣಿಗಲ್‌ಗೆ ಹೋದೆ.

ಅಕ್ಕ ಬಾಗಿಲ ಬಳಿ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದರು. ಕೂದಲು ನರೆತಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಅಡಾಪ್ಟರು, ವಾಸನೆ, ಅವರ ಅಣ್ಣನಿಗೆ ಹೇಳಿದ್ದು, ಅವರಿಗೆ ಹೇಳಿದ್ದು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದರು.

“ಹಂಗಾದ್ರೆ ನಾನು ಪ್ಲಗ್ ತೆಗೆದಿದ್ದೆ.”

“ತೆಗೆದಿದ್ರಿ ಅಕ್ಕಾ.”

“ನಮ್ಮಣ್ಣ ಇದ್ದಾಗ ಹೇಳ್ಬಾರದಿತ್ತಾ?” ಎಂದರು.

ಬೈಯಲಿಲ್ಲ. ಬೈದಿದ್ದರೆ ಕೇಳಿಕೊಂಡು ಬರುತ್ತಿದ್ದೆ. ಕ್ಷಮಿಸಿ ಎಂದೆ, ಅವರು ಸೂಜಿ ತೆಗೆದು ಮತ್ತೆ ಹೊಲಿಯತೊಡಗಿದರು. ನಾನು ಹೊರಡುವಾಗ ಮಾತ್ರ ಕರೆದರು.

“ಮಕ್ಳಿಗೆ ಹೇಳಿ. ದೊಡ್ಡೋನು ಈಗ್ಲೂ ಫೋನ್ ಮಾಡ್ದಾಗೆಲ್ಲ, ಫುಫು, ಗ್ಯಾಸ್ ಆಫ್ ಮಾಡಿದ್ಯಾ ಅಂತಾನೆ. ನಾನ್ ಹೇಳಿದ್ರೆ ನಂಬಲ್ಲ. ನೀವ್ ಹೇಳಿ.”

ಮಾರನೆಯ ದಿನವೇ ಗುಬ್ಬಿಯ ಆ ಮನೆಗೆ ಹೋದೆ. ಸಾಹೇಬರ ಹೆಂಡತಿ, ಇಬ್ಬರು ಮಕ್ಕಳು ಕೂತಿದ್ದರು. ಮಕ್ಕಳಿಗೆ ಈಗ ಮೀಸೆ ಬಂದಿದೆ. ಮೊದಲಿನಿಂದ ಹೇಳಿದೆ, ಏನನ್ನೂ ಬಿಡಲಿಲ್ಲ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ದೊಡ್ಡವನು ನಾನು ಮುಗಿಸುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಕುಣಿಗಲ್‌ಗೆ ಈಗ ಬಸ್ ಐತಾ?” ಎಂದು ತಾಯಿಯನ್ನು ಕೇಳಿದ.

ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಿದೆ. ಅವನು ನನ್ನ ಕಡೆ ನೋಡದೆ ಹೊರಟುಹೋದ.